ಮರೈನ್ ಬಯಾಲಜಿ ಎಂಎಸ್ಸಿಗೆ ಪ್ರಾಕ್ಟಿಕಲ್ಸ್: ಮೊದಲು ಏನು ಕಲಿಸಬೇಕು?

ಹೊಸದಾಗಿ ಗೆಸ್ಟ್ ಲೆಕ್ಚರರ್ ಆಗಿ ಸೇರಿದ್ದೇನೆ, ಲ್ಯಾಬ್‌ನಲ್ಲಿ ದೊಡ್ಡ ಉಪಕರಣ ಒಂದೂ ಇಲ್ಲ, ಏನು ಕಲಿಸಲಿ ಅಂತ ಕೇಳಿದ್ದೀರಿ. ನಾನು ಕಾರವಾರದ ಕಡೆ ಇದೇ ಕೆಲಸ ಮಾಡುವವನು. ಉಪಕರಣದ ಚಿಂತೆ ಬಿಡಿ. ಮೊದಲು ಬಾಟಲಿಗೆ ನೀರು ತುಂಬಿಸುವುದು ಕಲಿಸಿ.

ನಗಬೇಡಿ. ನೀರಿನಲ್ಲಿ ಕರಗಿದ ಆಕ್ಸಿಜನ್ ಅಳೆಯಲು ಇವತ್ತಿಗೂ 1888ರ ವಿಂಕ್ಲರ್ ವಿಧಾನವೇ ಸಾಕು. ಅದರ ಕೊನೆಯ ಹಂತ ಟೈಟ್ರೇಶನ್, ಅಂದರೆ ಹನಿ ಹನಿಯಾಗಿ ದ್ರಾವಣ ಹಾಕಿ ಪ್ರಮಾಣ ಅಳೆಯುವುದು, ಅದನ್ನು ವಿದ್ಯಾರ್ಥಿಗಳು ಹೇಗೂ ಬಿಎಸ್ಸಿಯಲ್ಲಿ ಮಾಡಿರುತ್ತಾರೆ. ಎಡವುವುದು ದೋಣಿಯಲ್ಲಿ, ಬಾಟಲಿಗೆ ಹೊರಗಿನ ಗಾಳಿ ಸೇರಿದರೆ ಲೆಕ್ಕವೇ ತಪ್ಪುತ್ತದೆ. ಟ್ಯೂಬನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ನಿಧಾನಕ್ಕೆ ತುಂಬಿಸಿ, ಸ್ವಲ್ಪ ಹೊತ್ತು ಉಕ್ಕಿ ಹೊರಗೆ ಹರಿಯಲು ಬಿಡಬೇಕು. ಆಮೇಲೆ ಮ್ಯಾಂಗನೀಸ್ ಸಲ್ಫೇಟ್, ಅದರ ಹಿಂದೆ ಆಲ್ಕಲೈನ್ ಅಯೋಡೈಡ್, ಎರಡನ್ನೂ ಪಿಪೆಟ್ ತುದಿ ನೀರೊಳಗೆ ಮುಳುಗಿಸಿಯೇ ಹಾಕಿ, ಒಂದು ಗುಳ್ಳೆಯೂ ಉಳಿಯದ ಹಾಗೆ ಬಿರಡೆ ಒತ್ತಬೇಕು. ತಳದಲ್ಲಿ ಕಂದು ಬಣ್ಣದ ಗಷ್ಟು (ಕೆಳಗೆ ಕೂರುವ ಪುಡಿಯಂಥದ್ದು) ಬಂದರೆ ಆಕ್ಸಿಜನ್ ಇದೆ, ಬೆಳ್ಳಗೇ ಉಳಿದರೆ ಇಲ್ಲವೇ ಇಲ್ಲ ಅನ್ನಬಹುದು. ದೋಣಿ ಅಲ್ಲಾಡುತ್ತಿರುವಾಗ, ಹೊಟ್ಟೆ ತೊಳಸುತ್ತಿರುವಾಗ ಇದನ್ನು ಮಾಡುವುದೇ ನಿಜವಾದ ಪ್ರಾಕ್ಟಿಕಲ್. ಅಲ್ಲಿ ಕೆಟ್ಟಿದ್ದು ಲ್ಯಾಬ್‌ನಲ್ಲಿ ಸರಿಹೋಗಲ್ಲ.

ಎರಡನೆಯದು ಲೇಬಲ್. ನನ್ನ ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಜೀವಿಗಳು) ತುಂಬಿದ ಬಾಟಲಿಗಳ ಹೊರಗೆ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆದಿದ್ದೆ. ಒಂದು ಬಾಟಲಿ ಸೋರಿತು, ಸ್ಯಾಂಪಲ್ ಕೆಡದಂತೆ ಹಾಕಿದ್ದ ಫಾರ್ಮಲಿನ್ ಎಲ್ಲದರ ಮೇಲೂ ಹರಿದು ಬರಹ ಅಳಿಸಿಹೋಯಿತು. ಮೂರು ತಿಂಗಳ ಸ್ಯಾಂಪಲ್ ತಬ್ಬಲಿ! ಟ್ರೇಸಿಂಗ್ ಪೇಪರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ ಅಂತ ಯಾರೂ ಹೇಳಿರಲಿಲ್ಲ. ನೀವು ಹೇಳಿ.

ಹತ್ತಿರದಲ್ಲಿ ಅಳಿವೆ ಇದ್ದರೆ ನಿಮ್ಮ ಅದೃಷ್ಟ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕಾಳಿ ನದಿ ಸಮುದ್ರ ಸೇರುವ ಕಡೆ ಒಬ್ಬ ಹುಡುಗಿಗೆ ಮೇಲಿನ ನೀರಿನ ಉಪ್ಪಿನಂಶ ಸಾವಿರಕ್ಕೆ 8, ತಳದ ನೀರಿನದು 30 ಬಂತು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಹಾಳಾಗಿದೆ ಅಂತ ಮೂರು ಸಲ ತೊಳೆದಳು ಪಾಪ. ಉಪ್ಪುನೀರು ಭಾರ, ಸಿಹಿನೀರಿನ ಅಡಿಯಲ್ಲಿ ನುಸುಳಿ ಬರುತ್ತದೆ ಅಂತ ಥಿಯರಿ ಪೇಪರ್‌ನಲ್ಲಿ ಅವಳೇ ಚಿತ್ರ ಸಮೇತ ಬರೆದಿದ್ದಳು!

ದೋಣಿಯ ವಿಷಯ: ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಟೈಮ್‌ಟೇಬಲ್ ಹಾಕುವಾಗ ನೆನಪಿರಲಿ. ಉಳಿದ ತಿಂಗಳಲ್ಲಿ ಒಬ್ಬ ತಾಂಡೇಲನ (ದೋಣಿ ನಡೆಸುವವನ) ಪರಿಚಯ ಮಾಡಿಕೊಳ್ಳಿ. ಹಗ್ಗದ ಗಂಟು, ಉಬ್ಬರ ಇಳಿತ, ಗಾಳಿ, ಇದೆಲ್ಲ ಅವರು ನಮಗಿಂತ ಚೆನ್ನಾಗಿ ಕಲಿಸುತ್ತಾರೆ. ಮೀನು ಗುರುತಿಸುವುದಕ್ಕೂ ಅಷ್ಟೇ, ಫಾರ್ಮಲಿನ್‌ನಲ್ಲಿ ಬಣ್ಣ ಕಳೆದುಕೊಂಡ ಬಂಗುಡೆ ತೋರಿಸಬೇಡಿ, ಬೆಳಗ್ಗೆ ಬಂದರಿಗೆ ಕರೆದುಕೊಂಡು ಹೋಗಿ. ಮಾರುವ ಅಕ್ಕಂದಿರು ಬೈದರೆ ಎರಡು ಕೆಜಿ ಕೊಂಡುಕೊಳ್ಳಿ, ಸುಮ್ಮನಾಗುತ್ತಾರೆ.

ಪರೀಕ್ಷೆಗೆ ನಾನು ಮಾಡುವುದು ಇಷ್ಟೇ. ಒಬ್ಬರ ಫೀಲ್ಡ್ ನೋಟ್‌ಬುಕ್ ಇನ್ನೊಬ್ಬರಿಗೆ ಕೊಡುತ್ತೇನೆ. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಆಳದಲ್ಲಿ, ಉಬ್ಬರವೋ ಇಳಿತವೋ, ಅದನ್ನು ಓದಿ ಹೇಳಬೇಕು. ಹೇಳಲಾಗದಿದ್ದರೆ ಅಂಕ ಕಳೆಯುವುದು ಬರೆದವರದ್ದು.