ನಮ್ಮ ಪ್ರೋಗ್ರೆಸಿವ್ ರಾಕ್ ಸಿಂಗಲ್‌ನ ವಿಡಿಯೊ: ಸ್ಟಾಪ್ ಮೋಷನ್ ಒಳ್ಳೆಯದೇ, ರಿವರ್ಸ್ ಒಳ್ಳೆಯದೇ?

ನಿಮ್ಮ ಬ್ಯಾಂಡಿನ ಹಾಡಿನ ವಿಡಿಯೊವನ್ನು ಸ್ಟಾಪ್ ಮೋಷನ್‌ನಲ್ಲಿ (ಗೊಂಬೆಗಳನ್ನು ಚೂರುಚೂರೇ ಕದಲಿಸಿ ಒಂದೊಂದೇ ಫ್ರೇಮು ತೆಗೆಯುವುದು) ಮಾಡಬೇಕೋ, ರಿವರ್ಸ್‌ನಲ್ಲಿ (ಚಿತ್ರೀಕರಿಸಿದ್ದನ್ನು ಹಿಂದಕ್ಕೆ ಓಡಿಸಿ ತೋರಿಸುವುದು) ಮಾಡಬೇಕೋ ಎಂದು ಕೇಳಿದ್ದೀರಿ. ಹಾಡಿನ ಮಿಕ್ಸಿಂಗ್ (ಧ್ವನಿಮುದ್ರಣದ ಬೇರೆಬೇರೆ ಧ್ವನಿಗಳನ್ನು ಹೊಂದಿಸುವ ಕೆಲಸ) ಮುಗಿಯುವಷ್ಟರಲ್ಲಿ ವಿಡಿಯೊ ಕೂಡ ಸಿದ್ಧವಾಗಬೇಕೆಂದೂ ಕೊನೆಯಲ್ಲಿ ಬರೆದಿದ್ದೀರಿ. ಅಪಾಯವಿರುವುದು ಅಲ್ಲಿಯೇ, ಸ್ಟಾಪ್ ಮೋಷನ್ನೋ ರಿವರ್ಸೋ ಎಂಬುದು ಆಮೇಲಿನ ಮಾತು.

ಪುಣೆಯಲ್ಲಿ ಧಾರವಾಡ, ಬೆಳಗಾವಿ ಕಡೆಯ ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದ್ದೆವು. ಹಿಂದೆ ಜೆನೆಸಿಸ್ ಬ್ಯಾಂಡಿನಲ್ಲಿದ್ದ ಪೀಟರ್ ಗೇಬ್ರಿಯಲ್ 1986ರ ‘ಸ್ಲೆಡ್ಜ್‌ಹ್ಯಾಮರ್’ ವಿಡಿಯೊಗಾಗಿ ಗಾಜಿನ ಹಾಳೆಯ ಕೆಳಗೆ 16 ಗಂಟೆ ಮಲಗಿದ್ದರೆಂಬುದನ್ನು ಓದಿ ಮರುಳಾಗಿ, ಗಣಪತಿ ಮಾಡುವ ಶಾಡು ಮಣ್ಣಿನಲ್ಲಿ ಗೊಂಬೆಗಳನ್ನು ಮಾಡಿದೆವು. (ದೀಪದ ಬಿಸಿಗೆ ಆ ಮಣ್ಣು ಒಣಗಿ ಬಿರಿಯುತ್ತದೆ, ಎಣ್ಣೆ ಬೆರೆತ ಪ್ಲಾಸ್ಟಿಸಿನ್ ಕೊಳ್ಳಿರಿ.) ಹಾಡು ಸೆವೆನ್ ಬೈ ಎಯ್ಟ್‌ನಲ್ಲಿತ್ತು, ಅಂದರೆ ಒಂದು ಆವರ್ತನಕ್ಕೆ ಏಳು ಮಾತ್ರೆ; ತಬಲಾ ಕಲಿತಿದ್ದ ನಮ್ಮ ಡ್ರಮ್ಮರ್ ಅದನ್ನು ಹಿಂದೂಸ್ತಾನಿ ರೂಪಕ ತಾಳದಂತೆ ಮೂರು, ಎರಡು, ಎರಡು ಎಂದು ಎಣಿಸುತ್ತಿದ್ದ. ಡೆಮೊದ (ಮಾದರಿ ಧ್ವನಿಮುದ್ರಣದ) ಟೆಂಪೊ ನಿಮಿಷಕ್ಕೆ 120 ಬೀಟ್ ಇದ್ದು, ಒಂದು ಬೀಟ್‌ಗೆ ಎರಡು ಮಾತ್ರೆ ಬರುತ್ತಿದ್ದುದರಿಂದ ಒಂದು ಮಾತ್ರೆಗೆ ಕಾಲು ಸೆಕೆಂಡು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 6 ಫ್ರೇಮು, ಇಡೀ ಆವರ್ತನಕ್ಕೆ 42. ಈ ಲೆಕ್ಕದಂತೆಯೇ ಗೊಂಬೆಗಳನ್ನು ಕದಲಿಸಿ ಚಿತ್ರೀಕರಣವನ್ನು ಮುಗಿಸಿದೆವು.

ಆಮೇಲೆ ಸ್ಟುಡಿಯೊದಲ್ಲಿ ಹಾಡು ಎಳೆದಂತಾಗುತ್ತಿದೆಯೆಂದು ಟೆಂಪೊವನ್ನು 126ಕ್ಕೆ ಏರಿಸಿದೆವು. ಕಿವಿಗೆ ಅದು ಸಣ್ಣ ವ್ಯತ್ಯಾಸ. ಆದರೆ ಆವರ್ತನ ಈಗ 40 ಫ್ರೇಮಿನಲ್ಲೇ ಮುಗಿಯುತ್ತಿತ್ತು. ಪ್ರತಿ ಆವರ್ತನಕ್ಕೆ ಎರಡು ಫ್ರೇಮು ಹಿಂದುಳಿಯುತ್ತ, ಹನ್ನೆರಡು ಆವರ್ತನ ಕಳೆಯುವಷ್ಟರಲ್ಲಿ ಚಿತ್ರವು ಹಾಡಿಗಿಂತ ಒಂದು ಸೆಕೆಂಡು ತಡವಾಗುತ್ತಿತ್ತು. ಎರಡೆರಡು ಫ್ರೇಮು ಕಿತ್ತುಹಾಕೋಣವೆಂದರೆ, ಒಂದು ಮಾತ್ರೆಗೆ 5.71 ಫ್ರೇಮು ಬರುವುದರಿಂದ ಆವರ್ತನದ ಮೊದಲ ಮಾತ್ರೆಯನ್ನು ಬಿಟ್ಟರೆ ಗೊಂಬೆಯ ಪೆಟ್ಟು ಯಾವ ಫ್ರೇಮಿನ ಮೇಲೂ ಸರಿಯಾಗಿ ಕೂರುವುದಿಲ್ಲ, ಚಲನೆಯೂ ಕುಂಟುತ್ತದೆ. ಹಾಡನ್ನೇ ಕಂಪ್ಯೂಟರಿನಲ್ಲಿ ಹಿಗ್ಗಿಸಿದರೆ ಡ್ರಮ್ಮಿನ ಸಿಂಬಲ್‌ಗಳ (ಲೋಹದ ತಟ್ಟೆಗಳ) ನಾದ ಕಲಸಿಹೋಗುತ್ತದೆ. ಕೊನೆಗೆ ಆ ಚಿತ್ರೀಕರಣವನ್ನೆಲ್ಲ ಬಿಟ್ಟು, ಬರಿಯ ಮುಖಪುಟದ ಚಿತ್ರದೊಂದಿಗೆ ಹಾಡನ್ನು ಬಿಡುಗಡೆ ಮಾಡಿದೆವು.

ರಿವರ್ಸ್ ಇದಕ್ಕಿಂತ ಕಠಿಣ. 2002ರ ‘ದಿ ಸೈಂಟಿಸ್ಟ್’ ವಿಡಿಯೊಗಾಗಿ ಕೋಲ್ಡ್‌ಪ್ಲೇ ಗಾಯಕ ಕ್ರಿಸ್ ಮಾರ್ಟಿನ್ ಇಡೀ ಹಾಡನ್ನು ಹಿಂದುಮುಂದಾಗಿ ಹಾಡಲು ಕಲಿತರು. ಹಾಗೆ ಕಲಿತ ಮೇಲೆ ಟೆಂಪೊ ಬದಲಾದರೆ ನಿಮ್ಮ ಗಾಯಕ ನಿಮ್ಮನ್ನು ಕ್ಷಮಿಸಲಾರ.

ಮಿಕ್ಸಿಂಗ್ ನಡೆಯಲಿ, ಟೆಂಪೊ ಮತ್ತು ಹಾಡಿನ ಉದ್ದವನ್ನು ಮಾತ್ರ ಇಂದೇ ಖಾಯಂ ಮಾಡಿ. ಬಳಿಕ ಪ್ರತಿ ಆವರ್ತನದ ಮೊದಲ ಫ್ರೇಮು ಬಿಳಿಯಾಗಿರುವ ಖಾಲಿ ವಿಡಿಯೊವೊಂದನ್ನು ಮಾಡಿ ಹಾಡಿನೊಡನೆ ಪೂರ್ತಿ ಓಡಿಸಿ ನೋಡಿ. ಕೊನೆಯ ಆವರ್ತನದಲ್ಲೂ ಬಿಳಿ ಮಿಂಚು ಸಮ್‌ನ (ಆವರ್ತನದ ಮೊದಲ ಮಾತ್ರೆಯ) ಮೇಲೆಯೇ ಬಿದ್ದರೆ ಮಣ್ಣು ಕಲಸಲು ಅಡ್ಡಿಯಿಲ್ಲ.