ಪಾರ್ಶ್ವವಾಯುವಿನ ನಂತರ ಮನೆ ವ್ಯಾಯಾಮ: ಭುಜ ಜೋಪಾನ, ಬೆರಳು ನಿಧಾನ

ಪ್ರಶ್ನೆ: ತಂದೆಗೆ 64 ವರ್ಷ. ಎರಡು ತಿಂಗಳ ಹಿಂದೆ ಪಾರ್ಶ್ವವಾಯು ಆಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಕಾಲಿಗೆ ಸ್ವಲ್ಪ ಶಕ್ತಿ ಬಂದಿದೆ. ಕೈಬೆರಳು ಮಾತ್ರ ಮಡಚಿಕೊಂಡೇ ಇರುತ್ತವೆ. ದಿನಾ ಸ್ಪಂಜಿನ ಚೆಂಡು ಹಿಸುಕಿಸುತ್ತೇವೆ, ಕೈಯನ್ನು ತಲೆಯ ಮೇಲಕ್ಕೆ ಎತ್ತಿಸುತ್ತೇವೆ. ಹತ್ತು ದಿನಗಳಿಂದ ಭುಜ ಮುಟ್ಟಿದರೆ ನೋವು ಎನ್ನುತ್ತಾರೆ. ವ್ಯಾಯಾಮ ಮುಂದುವರಿಸಬಹುದೇ?

ಉತ್ತರ: ಮುಂದುವರಿಸಲೇಬೇಕು. ಆದರೆ ಈಗ ಮಾಡಿಸುತ್ತಿರುವ ಈ ಎರಡನ್ನು ಇವತ್ತೇ ಬಿಡಿ, ಭುಜವನ್ನು ಒಮ್ಮೆ ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸಿ.

ಭುಜದ ಕೀಲಿನ ಗುಳಿ ಆಳವಿಲ್ಲ. ತೋಳಿನ ಮೂಳೆಯ ಗುಂಡು ಅದರಲ್ಲಿ ನಿಂತಿರುವುದು ಬಹುಪಾಲು ಸುತ್ತಲಿನ ಸ್ನಾಯುಗಳ ಬಿಗಿಯಿಂದ. ಅವು ಸಡಿಲವಾದರೆ ಕೈಯ ಭಾರವೇ ಗುಂಡನ್ನು ಕೆಳಕ್ಕೆ ಜಗ್ಗುತ್ತದೆ. ಭುಜದ ತುದಿಮೂಳೆಯ ಕೆಳಗೆ ಮೆಲ್ಲಗೆ ಬೆರಳಿಟ್ಟು ನೋಡಿ. ಬೆರಳು ಕೂರುವಷ್ಟು ತಗ್ಗು ಸಿಕ್ಕಿದರೆ ಕೀಲು ಇಳಿದಿರಬಹುದು. ಅಂಥ ಕೈಯನ್ನು ತಲೆಯ ಮೇಲೆತ್ತಿದಾಗ ಬೆನ್ನಿನ ಕಡೆಯ ಹೆಗಲ ಮೂಳೆ ಜೊತೆಗೆ ತಿರುಗುವುದಿಲ್ಲ, ನಡುವಿನ ಸ್ನಾಯುರಜ್ಜು ಸಿಕ್ಕಿ ನಜ್ಜಾಗುತ್ತದೆ. ರಾಟೆಗೆ ಹಗ್ಗ ಹಾಕಿ ಕೈ ಎಳೆಸುವುದೂ ಇದೇ ಕಾರಣಕ್ಕೆ ಬೇಡ. ಹಾಸಿಗೆಯಿಂದ ಎಬ್ಬಿಸಲು ಆ ಕೈ ಹಿಡಿದು ಎಳೆಯುವುದು, ಕಂಕುಳಿಗೆ ಕೈ ಕೊಟ್ಟು ಎತ್ತುವುದು ಇನ್ನೂ ಕೆಟ್ಟದ್ದು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಕೂತಾಗ ಮೊಣಕೈಯಿಂದ ಬೆರಳಿನವರೆಗೆ ದಿಂಬಿನ ಆಸರೆ ಇರಲಿ. ಕೈ ನೇತಾಡಬಾರದು.

ಭುಜಕ್ಕೆ ಸದ್ಯ ಒಂದೇ ಚಲನೆ ಸಾಕು. ಮೊಣಕೈ ಎತ್ತರದ ಮೇಜಿನ ಮುಂದೆ ಕೂರಿಸಿ, ಮಡಚಿದ ಟವೆಲಿನ ಮೇಲೆ ಎರಡೂ ಅಂಗೈ ಇಡಿಸಿ. ಬಲಗೈ ಎಡಗೈಯ ಮೇಲಿರಲಿ. ಮೇಜು ಒರೆಸುವ ಹಾಗೆ ಟವೆಲನ್ನು ನಿಧಾನವಾಗಿ ಮುಂದಕ್ಕೆ ಜಾರಿಸಿ, ಮತ್ತೆ ಹಿಂದಕ್ಕೆ ತರಲಿ. ಹತ್ತು ಸಲ. ನೋವು ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಎಡ ಭುಜ ಕಿವಿಯ ಕಡೆ ಏರುತ್ತಿದ್ದರೆ ಅವರು ಶಕ್ತಿ ಮೀರಿ ಮಾಡುತ್ತಿದ್ದಾರೆ ಎಂದು ತಿಳಿಯಿರಿ.

ಇನ್ನು ಚೆಂಡು. ಪ್ರೀತಿಯಿಂದ ತಂದುಕೊಡುವ ವಸ್ತು ಅದು, ಆದರೆ ಬೆರಳು ಆಗಲೇ ಬಿಗಿದ ಕೈಗೆ ಉಪಯೋಗವಿಲ್ಲ. ಪಾರ್ಶ್ವವಾಯುವಿನ ನಂತರ ಬೆರಳು ಮಡಚುವ ಸ್ನಾಯುಗಳು ಬೇಗ ಬಿಗಿದುಕೊಳ್ಳುತ್ತವೆ, ಬಿಡಿಸುವ ಸ್ನಾಯುಗಳು ಹಿಂದೆ ಬೀಳುತ್ತವೆ. ಈ ಕೈ ಕಲಿಯಬೇಕಾದದ್ದು ಬಿಡುವುದನ್ನು.

ಬೆರಳ ತುದಿ ಹಿಡಿದು ಎಳೆದರೆ ಮುಷ್ಟಿ ಇನ್ನೂ ಬಿಗಿಯುತ್ತದೆ. ಮೊದಲು ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ. ಬೆರಳುಗಳು ತಾವಾಗಿಯೇ ಸ್ವಲ್ಪ ಸಡಿಲವಾಗುತ್ತವೆ. ಆಮೇಲೆ ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ. ನಾಲ್ಕೂ ಬೆರಳನ್ನು ಒಟ್ಟಿಗೆ ಬಿಡಿಸಿ, ಕೊನೆಗೆ ಮಣಿಕಟ್ಟನ್ನು ಮೆಲ್ಲಗೆ ಮೇಲಕ್ಕೆತ್ತಿ. 30 ಸೆಕೆಂಡು ಹಾಗೇ ಹಿಡಿಯಿರಿ. ಐದು ಸಲ ಆದ ಮೇಲೆ ಹಗುರವಾದ ಪ್ಲಾಸ್ಟಿಕ್ ಲೋಟವನ್ನು ಕೈಯಲ್ಲಿಟ್ಟು, ಮೇಜಿನ ಮೇಲೆ ಬಿಡಲು ಹೇಳಿ. ಅವಸರ ಮಾಡಬೇಡಿ, ಬೆರಳು ಕದಲಲು ಹತ್ತು ಸೆಕೆಂಡು ಬೇಕಾಗಬಹುದು. ಆ ಹತ್ತು ಸೆಕೆಂಡಿನ ಪ್ರಯತ್ನವೇ ನಿಜವಾದ ವ್ಯಾಯಾಮ.

ಪ್ರಶ್ನೆ: ಅಮ್ಮ ಕುರ್ಚಿಯಿಂದ ಏಳುವಾಗ ಹಿಂದಕ್ಕೇ ಬೀಳುತ್ತಾರೆ. ಎದ್ದರೂ ಭಾರವೆಲ್ಲ ಒಳ್ಳೆಯ ಕಾಲಿನ ಮೇಲೆ. ಏನು ಮಾಡಿಸಲಿ?

ಉತ್ತರ: ಪಾದ ಎಲ್ಲಿದೆ ನೋಡಿ. ಬಹಳಷ್ಟು ಸಲ ಅದು ಮೊಣಕಾಲಿಗಿಂತ ಮುಂದೆ ಇರುತ್ತದೆ. ಹಾಗಿದ್ದರೆ ಯಾರೂ ಏಳಲಾರರು.

ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎತ್ತರ ಸಾಲದಿದ್ದರೆ ಜಾರದಂತೆ ಗಟ್ಟಿ ದಿಂಬು ಹಾಕಿ. ಆಸನ ಎತ್ತರವಿದ್ದಷ್ಟೂ ಏಳುವುದು ಸುಲಭ. ಅಮ್ಮ ಆಸನದ ಅಂಚಿಗೆ ಸರಿಯಲಿ, ಹಿಮ್ಮಡಿ ನೆಲ ಬಿಡದಂತೆ ಎರಡೂ ಪಾದಗಳನ್ನು ಮೊಣಕಾಲಿಗಿಂತ ಹಿಂದಕ್ಕೆ ಎಳೆದುಕೊಳ್ಳಲಿ. ದುರ್ಬಲ ಕಾಲು ಒಂದಿಷ್ಟು ಹೆಚ್ಚು ಹಿಂದೆ ಇದ್ದರೆ ಅದರ ಮೇಲೂ ಭಾರ ಬೀಳುತ್ತದೆ. ಮೂಗು ಕಾಲ್ಬೆರಳಿಗೆ ನೇರವಾಗುವವರೆಗೆ ಮುಂದೆ ಬಾಗಿ, ಆಮೇಲೆ ಏಳಲಿ. ನೀವು ದುರ್ಬಲ ಬದಿಯಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಿ. ಕೂರುವಾಗ ಧೊಪ್ಪನೆ ಬೀಳದೆ, ಮೂರು ಎಣಿಸುತ್ತ ಇಳಿಯಲಿ. ಮೊದಲು ಐದು ಸಲ ಸಾಕು. ವಾರಗಳಲ್ಲಿ ಹತ್ತಕ್ಕೆ ಏರಿಸಿ, ನಂತರ ದಿಂಬು ತೆಗೆಯಿರಿ. ಬಟ್ಟೆ ಚಪ್ಪಲಿ, ಸಾಕ್ಸ್ ಹಾಕಿ ನಿಲ್ಲಿಸಬೇಡಿ. ಜಾರುತ್ತದೆ.

ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು? ಆರು ತಿಂಗಳು ದಾಟಿದ ಮೇಲೆ ಪ್ರಯೋಜನವಿಲ್ಲ ಎನ್ನುತ್ತಾರಲ್ಲ?

ಉತ್ತರ: ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ನಿಜ. ಆಮೇಲೆ ನಿಧಾನವಾಗುತ್ತದೆ, ನಿಂತುಹೋಗುವುದಿಲ್ಲ. ವರ್ಷದ ನಂತರವೂ ಅಭ್ಯಾಸದಿಂದ ನಡಿಗೆ ಸುಧಾರಿಸಿಕೊಂಡವರಿದ್ದಾರೆ. ಒಂದೇ ಸಲ ಒಂದು ಗಂಟೆ ಮಾಡಿಸುವ ಬದಲು 10-15 ನಿಮಿಷದಂತೆ ಮೂರು ನಾಲ್ಕು ಸಲ ಮಾಡಿಸಿ. ಪಾರ್ಶ್ವವಾಯುವಿನ ಸುಸ್ತು ಸೋಮಾರಿತನವಲ್ಲ, ದಯವಿಟ್ಟು ಗದರಬೇಡಿ. ಉಸಿರು ಬಿಗಿಹಿಡಿದು ಮಾಡಿದರೆ ರಕ್ತದೊತ್ತಡ ಏರುತ್ತದೆ. ಜೋರಾಗಿ ಎಣಿಸಲು ಹೇಳಿದರೆ ಉಸಿರು ತಾನೇ ಆಡುತ್ತದೆ. ಮಾತು ಬಾರದವರಿಗೆ ನೀವೇ ಎಣಿಸಿ.

ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಬೇಡಿ; ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ಬಾಯಿ ಹೊಸದಾಗಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಏಕಾಏಕಿ ಸೋತರೆ ಗಡಿಯಾರ ನೋಡಿ ಸಮಯ ಬರೆದಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ, ವೈದ್ಯರು ಮೊದಲು ಕೇಳುವುದೂ ಆ ಸಮಯವನ್ನೇ.