ವಯೋಮಿಂಗ್‌ನ ಸಣ್ಣ ಊರಲ್ಲಿ ಚಳಿಗಾಲದ ರಜೆ: ಮಕ್ಕಳಿಗೆ ಬೇಜಾರಾಗಲ್ವಾ?

ನಿಮ್ಮ ಯಜಮಾನರಿಗೆ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಕೆಲಸ ಸಿಕ್ಕಿದೆ, ಊರು ತೀರಾ ಸಣ್ಣದು, ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಏನು ಮಾಡುವುದು, ದಿನದ ಬದುಕು ಹೇಗಿರುತ್ತೆ ಎಂದು ಕೇಳಿದ್ದೀರಿ. ನಾವಿರುವುದೂ ಅಂಥ ಕಡೆಯೇ. ರಾಜ್ಯದ ದಕ್ಷಿಣಕ್ಕೆ, ಸಾರಟೋಗ ಎಂಬ ಊರಿನ ಹತ್ತಿರ. ನಮ್ಮವರಿಗೆ ಗಾಳಿಯಂತ್ರಗಳ ಕಂಪನಿಯಲ್ಲಿ ಕೆಲಸ. ನಾನು ಮನೆಯಲ್ಲೇ ಕೂತು ಲೆಕ್ಕಪತ್ರ ನೋಡುತ್ತೇನೆ. ಇಬ್ಬರು ಮಕ್ಕಳು. ನೇರವಾಗಿ ಹೇಳುತ್ತೇನೆ: ಮಕ್ಕಳಿಗೆ ಬೇಜಾರಾಗಲ್ಲ. ಆಗುವುದಿದ್ದರೆ ನಿಮಗೆ.

ಮೊದಲು ಜಾಗದ ಅಂದಾಜು ಬರಲಿ. ವಯೋಮಿಂಗ್ ಸುಮಾರು 2,53,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1,91,791. ಆದರೆ 2020ರ ಜನಗಣತಿಯಲ್ಲಿ ಇಡೀ ವಯೋಮಿಂಗ್‌ನ ಜನ 5,76,851. ಹುಬ್ಬಳ್ಳಿ-ಧಾರವಾಡದಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಅಂಗಡಿ, ಆಸ್ಪತ್ರೆ, ದೋಸೆ ಹೋಟೆಲು ಎಲ್ಲವೂ ದೂರ ಎನ್ನುವುದು ಇದರಲ್ಲೇ ಗೊತ್ತಾಗುತ್ತೆ ಅಲ್ವಾ?

ಇಲ್ಲಿ ರಜೆಯನ್ನು ಯೋಜನೆ ಮಾಡುವುದು ನಾವಲ್ಲ, ರಸ್ತೆ. ಬೇಸಿಗೆಯಲ್ಲಿ ಲಾರಮಿ ಎಂಬ ಊರಿಗೆ ಹೋಗಲು ಸ್ನೋಯಿ ರೇಂಜ್ ಬೆಟ್ಟದ ಮೇಲೆ 130ನೇ ನಂಬರಿನ ದಾರಿ ಇದೆ. 10,847 ಅಡಿ ಎತ್ತರದ ತನಕ ಹತ್ತಿ ಇಳಿಯುತ್ತೆ, ನೋಡಲು ಬಲು ಚಂದ. ನವೆಂಬರ್ ಹೊತ್ತಿಗೆ ಹಿಮ ಬಿದ್ದು ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೆ. ಅಲ್ಲಿಯವರೆಗೆ ಐ-80 ಹೆದ್ದಾರಿ ಹಿಡಿದು ಸುತ್ತಿಕೊಂಡು ಹೋಗಬೇಕು, ಸುಮಾರು 160 ಕಿಲೋಮೀಟರ್. ಈ ಹೆದ್ದಾರಿಗೂ ಒಂದು ಕಥೆ ಇದೆ. ಹಳೆಯ 30ನೇ ನಂಬರಿನ ರಸ್ತೆ ಮೆಡಿಸಿನ್ ಬೋ ಎಂಬ ಊರಿನ ಕಡೆಯಿಂದ ಬಳಸಿಕೊಂಡು ಹೋಗುತ್ತಿತ್ತು. ಹೊಸದನ್ನು ಎಲ್ಕ್ ಮೌಂಟನ್ ಎಂಬ ಬೆಟ್ಟದ ಪಕ್ಕದಲ್ಲಿ ನೇರವಾಗಿ ಹಾಕಿದರು. ಅಲ್ಲಿ ಗಾಳಿ ಜಾಸ್ತಿ, ಬೇಡ ಎಂದು ದನ ಸಾಕುವ ಸ್ಥಳೀಯರು ಬಡಕೊಂಡರಂತೆ. ಕೇಳುವವರು ಯಾರು? 1970ರ ಅಕ್ಟೋಬರ್‌ನಲ್ಲಿ ರಸ್ತೆ ತೆರೆಯಿತು, ಕೆಲವೇ ದಿನಗಳಲ್ಲಿ ಹಿಮಗಾಳಿಗೆ ಮುಚ್ಚಿತು. ಆಮೇಲೆ ಹಿಮ ತಡೆಯಲು ಉದ್ದಕ್ಕೂ ಮರದ ಬೇಲಿ ಕಟ್ಟಿದ್ದಾರೆ. ಈಗಲೂ ಗಾಳಿ ಎದ್ದರೆ ರೈಲ್ವೆ ಗೇಟಿನ ಥರದ ಗೇಟು ಇಳಿಸಿ ಹೆದ್ದಾರಿಯನ್ನೇ ಬಂದ್ ಮಾಡುತ್ತಾರೆ. ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಪಕ್ಕದ ಕೊಲರಾಡೊ ರಾಜ್ಯದ ಡೆನ್ವರ್ ನಗರಕ್ಕೆ ಹೋಗಿ ಸ್ನೇಹಿತರ ಮನೆಯಲ್ಲಿ ಎರಡು ದಿನ ಇದ್ದು, ಬೇಳೆ, ಹುಣಸೆಹಣ್ಣು, ಕರಿಬೇವು ತರೋಣ ಎಂದು ಚೀಲ ಕಟ್ಟಿಕೊಂಡು ಕೂತರೂ ಬೆಳಿಗ್ಗೆ ರಸ್ತೆ ತೆರೆದಿದೆಯೋ ಮುಚ್ಚಿದೆಯೋ ಹೇಳುವ 511 ಆ್ಯಪ್ ನೋಡಿದ ಮೇಲೇ ಹೊರಡುವ ಮಾತು. ಹೊರಟರೂ ಗಾಡಿಯಲ್ಲಿ ಕಂಬಳಿ, ಸಲಿಕೆ, ನೀರು, ತಿಂಡಿ ಇರಲೇಬೇಕು. ಕತ್ತಲಾದ ಮೇಲೆ ಓಡಿಸಬೇಡಿ. ಜಿಂಕೆಗಳು ರಸ್ತೆಗೇ ಬರುತ್ತವೆ.

ಹಾಗಾದರೆ ರಜೆಯಲ್ಲಿ ಏನು ಮಾಡುತ್ತೀರಿ ಅಂದರೆ, ಊರಲ್ಲೇ ಇರುತ್ತೇವೆ. ಅದೇನು ಕಡಿಮೆ ಅಲ್ಲ.

ಡಿಸೆಂಬರ್ ಮೊದಲಿಗೆ ಕ್ರಿಸ್‌ಮಸ್ ಮರ ಕಡಿಯಲು ಕಾಡಿಗೆ ಹೋಗುವುದು. ಮನೆಯಲ್ಲಿ ನಿತ್ಯ ದೀಪ ಹಚ್ಚುವವರಿಗೆ ಕ್ರಿಸ್‌ಮಸ್ ಮರ ಯಾಕೆ ಎಂದು ನಮ್ಮತ್ತೆ ಫೋನಿನಲ್ಲಿ ಕೇಳುತ್ತಾರೆ. ಮಕ್ಕಳಿಗೆ ಬೇಕು, ಅಷ್ಟೇ ಅತ್ತೆ ಅಂತೀನಿ. ಅರಣ್ಯ ಇಲಾಖೆಯ ಪರ್ಮಿಟ್ ತೆಗೆದುಕೊಂಡರೆ ಮೆಡಿಸಿನ್ ಬೋ ಕಾಡಿನಲ್ಲಿ ನಾವೇ ಮರ ಕಡಿದುಕೊಳ್ಳಬಹುದು. 10 ಡಾಲರ್ ಆಸುಪಾಸು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಡುವ ಒಂದು ಪಾಸ್ ಇದೆ, ಅದಿದ್ದರೆ ಪರ್ಮಿಟ್ ಪುಕ್ಕಟೆ. ನಿಮ್ಮ ದೊಡ್ಡ ಮಗು ಆ ವಯಸ್ಸಿನದಾದರೆ ಬಿಡಬೇಡಿ. ಮೊಣಕಾಲುದ್ದ ಹಿಮದಲ್ಲಿ ಅರ್ಧ ದಿನ ಅಲೆದು, ಅಣ್ಣ-ತಂಗಿ ಜಗಳವಾಡಿ, ಕೊನೆಗೆ ಆರಿಸುವುದು ಯಾವಾಗಲೂ ಒಂದು ಸೊಟ್ಟ ಮರವನ್ನೇ. ಅದೇ ಕಾಡಿನಲ್ಲಿ ಹುಳು ಹೊಡೆದು ಒಣಗಿದ ಪೈನ್ ಮರಗಳು ಲೆಕ್ಕವಿಲ್ಲದಷ್ಟು. 2000ರ ನಂತರದ ವರ್ಷಗಳಲ್ಲಿ ಒಂದು ಬಗೆಯ ದುಂಬಿ ಗುಡ್ಡಕ್ಕೆ ಗುಡ್ಡವನ್ನೇ ಒಣಗಿಸಿಬಿಟ್ಟಿತು. ಸೌದೆಗೂ ಬೇರೆ ಪರ್ಮಿಟ್ ಸಿಗುತ್ತೆ. ಕರೆಂಟು ಹೋದ ರಾತ್ರಿ ಆ ಸೌದೆಯೇ ಗತಿ.

ನಮ್ಮ ಪಕ್ಕದ ಮನೆ ಎಂದರೆ ಒಂದು ರಾಂಚ್, ಅಂದರೆ ದನ ಸಾಕುವ ದೊಡ್ಡ ಜಮೀನು. ಗಂಡ ಹೆಂಡತಿ ಇಬ್ಬರಿಗೂ ಎಪ್ಪತ್ತರ ಹತ್ತಿರ. ನಮ್ಮ ಮಕ್ಕಳು ಆಕೆಯನ್ನು ಅಜ್ಜಿ ಅಂತಲೇ ಕರೆಯುತ್ತಾರೆ, ಆಕೆಗೂ ಅದು ಅಭ್ಯಾಸವಾಗಿದೆ. ದನಗಳಿಗೆ ಕ್ರಿಸ್‌ಮಸ್ ಗೊತ್ತಿಲ್ಲವಲ್ಲ. ಹಬ್ಬದ ದಿನವೂ ಬೆಳಿಗ್ಗೆ ಮೊದಲು ಹುಲ್ಲು ಹಾಕಬೇಕು, ತೊಟ್ಟಿಯ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆಯಬೇಕು. ಚಳಿ ಜಾಸ್ತಿಯಾದಷ್ಟೂ ದನಕ್ಕೆ ಮೇವು ಜಾಸ್ತಿ ಬೇಕು. ಉಡುಗೊರೆ ಬಿಚ್ಚುವುದೆಲ್ಲ ಆಮೇಲೆ. ಅರ್ಧ ಟನ್ ತೂಗುವ ಹುಲ್ಲಿನ ಸುರುಳಿಯನ್ನು ಟ್ರ್ಯಾಕ್ಟರಿನಲ್ಲಿ ಎತ್ತಿ ಗಾಡಿಗೆ ಹಾಕುತ್ತಾರೆ. ಗಾಡಿ ನಡಿಗೆಯ ವೇಗದಲ್ಲಿ ಹೋಗುತ್ತಿರುವಾಗ ಹಿಂದೆ ನಿಂತವರು ಹುಲ್ಲು ಬಿಡಿಸಿ ಉದುರಿಸುತ್ತಾರೆ. ರಾಂಚ್ ಮಕ್ಕಳು ಪಿಕಪ್ಪಿನ ಸ್ಟಿಯರಿಂಗ್ ಹಿಡಿಯುವುದು ಹೀಗೇ, ಕಾಲು ಪೆಡಲಿಗೆ ಎಟುಕುವ ಮೊದಲೇ. ರಜೆಯಲ್ಲಿ ನಮ್ಮ ಮಗನಿಗೆ ಇದಕ್ಕಿಂತ ದೊಡ್ಡ ಮಜಾ ಇಲ್ಲ. ಫೆಬ್ರವರಿಯಿಂದ ಕರು ಹಾಕುವ ಕಾಲ. ಹುಟ್ಟಿದ ಕೂಡಲೇ ಚಳಿಗೆ ಸೆಟೆದ ಕರುವನ್ನು ಎತ್ತಿ ತಂದು ಅಡುಗೆಮನೆಯಲ್ಲಿ ಮಲಗಿಸಿ ಟವೆಲಿನಿಂದ ಉಜ್ಜುವುದನ್ನು ನಿಮ್ಮ ಮಕ್ಕಳೂ ನೋಡುತ್ತಾರೆ.

ಸಾರಟೋಗದಲ್ಲಿ ಬಿಸಿನೀರಿನ ಬುಗ್ಗೆ ಇದೆ. ಹೋಬೊ ಪೂಲ್ ಅಂತ ಹೆಸರು. ಹಗಲೂ ರಾತ್ರಿ ತೆರೆದಿರುತ್ತೆ, ಒಂದು ಪೈಸೆ ಕೊಡಬೇಕಿಲ್ಲ. ಹೊರಗೆ ಮೈನಸ್ 20 ಡಿಗ್ರಿ ಇರುವಾಗ ಕುತ್ತಿಗೆವರೆಗೂ ಬಿಸಿನೀರಲ್ಲಿ ಕೂತರೆ ತಲೆಕೂದಲು ಮಾತ್ರ ಬೆಳ್ಳಗೆ ಹೆಪ್ಪುಗಟ್ಟುತ್ತೆ. ಮಕ್ಕಳು ಅದನ್ನು ಕೊಂಬಿನ ಹಾಗೆ ನಿಲ್ಲಿಸಿಕೊಂಡು ನಗುತ್ತಾರೆ.

ಶಾಲೆ ಶುರುವಾದ ಮೇಲೆ ಊರಿನವರೆಲ್ಲ ಸೇರುವುದು ಶಾಲೆಯ ಬ್ಯಾಸ್ಕೆಟ್‌ಬಾಲ್ ಮ್ಯಾಚಿಗೆ. ಮಕ್ಕಳಿಲ್ಲದವರೂ ಬರುತ್ತಾರೆ. ಬೇರೆ ಊರಿನಲ್ಲಿ ಆಟವಾದರೆ ನೂರಾರು ಕಿಲೋಮೀಟರ್ ಬಸ್ ಪ್ರಯಾಣ. ಅಂದಹಾಗೆ ಈ ಕಡೆ ಹಲವು ಹಳ್ಳಿ ಶಾಲೆಗಳು ವಾರಕ್ಕೆ ನಾಲ್ಕೇ ದಿನ ನಡೆಯುತ್ತವೆ. ನಿಮ್ಮೂರಿನದು ಹೇಗೆ ಎಂದು ಮೊದಲೇ ಕೇಳಿಕೊಳ್ಳಿ.

ಊಟದ ಮಾತು. ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಕೂಟಗಳು ಡಿಸೆಂಬರ್ ಪೂರ್ತಿ ಇರುತ್ತವೆ. ಸಸ್ಯಾಹಾರಿಗಳಾದರೆ ಬೀನ್ಸ್ ಪಲ್ಯದ ಥರ ಕಂಡಿದ್ದರಲ್ಲೂ ಹಂದಿ ಮಾಂಸದ ಚೂರಿರುತ್ತೆ, ಕೇಳಿ ಬಡಿಸಿಕೊಳ್ಳಿ. ನಾನು ಚಿತ್ರಾನ್ನ ಒಯ್ಯುತ್ತೇನೆ, ಪಾತ್ರೆ ಖಾಲಿಯಾಗಿಯೇ ವಾಪಸ್ ಬರುತ್ತೆ. ಇಲ್ಲಿನವರು ಬೀನ್ಸ್ ಕಾಳು, ಮಾಂಸ ಹಾಕಿ ಮಾಡುವ ಚಿಲ್ಲಿ ಎಂಬ ಖಾರದ ಅಡುಗೆಯ ಜೊತೆ ಸಿಹಿ ದಾಲ್ಚಿನ್ನಿ ಬನ್ ತಿನ್ನುತ್ತಾರೆ. ಮೊದಲು ಇದೇನಪ್ಪಾ ಅನಿಸಿತ್ತು. ಹೋಳಿಗೆ ಜೊತೆ ಖಾರದ ಸಾರು ಉಣ್ಣುವ ನಾವು ಆಡಿಕೊಳ್ಳುವಂತಿಲ್ಲ. ಬೇಟೆಯ ಕಾಲದಲ್ಲಿ ಪ್ರೀತಿಯಿಂದ ಎಲ್ಕ್ ಎಂಬ ದೊಡ್ಡ ಜಿಂಕೆಯ ಮಾಂಸ ತಂದುಕೊಡುವವರಿದ್ದಾರೆ. ತಿನ್ನಲ್ಲ ಎಂದು ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮಗೀಗ ಅದರ ಬದಲು ಚೋಕ್‌ಚೆರಿ ಎಂಬ ಕಾಡುಹಣ್ಣಿನ ಜೆಲ್ಲಿ ಬರುತ್ತೆ.

ನಮ್ಮ ಜಾಗ ಎರಡು ಸಾವಿರ ಮೀಟರಿಗಿಂತ ಎತ್ತರ. ನೀರು 93 ಡಿಗ್ರಿಗೇ ಕುದಿಯುತ್ತೆ, ಆದ್ದರಿಂದ ಬರೀ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬಾ ಹೊತ್ತು ಬೇಕು. ಊರಿಂದ ಕುಕ್ಕರ್ ತನ್ನಿ, ಎರಡೆರಡು ಗ್ಯಾಸ್ಕೆಟ್ ತನ್ನಿ. ಇಡ್ಲಿ ಹಿಟ್ಟನ್ನು ಓವನ್ನಿನ ಒಳಗಿಟ್ಟು ಬರೀ ಲೈಟು ಹಾಕಿ ಬಿಟ್ಟರೆ ಬೆಳಿಗ್ಗೆಗೆ ಉಬ್ಬುತ್ತೆ. ಕೊಬ್ಬರಿ ಎಣ್ಣೆ ಅಕ್ಟೋಬರಿನಿಂದ ಮೇ ತನಕ ಗಟ್ಟಿ. ಗಾಳಿ ಎಷ್ಟು ಒಣ ಎಂದರೆ ಮಕ್ಕಳಿಗೆ ಮೂಗಿನಿಂದ ರಕ್ತ ಬರುತ್ತೆ. ಮಲಗುವ ಕೋಣೆಗೊಂದು ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಕೊಡುವ ಯಂತ್ರ, ಇಡಿ.

ಈಗ ನಿಮ್ಮ ವಿಷಯ. ರಜೆಯಲ್ಲಿ ಜನ, ದೀಪ, ಊಟ ಎಲ್ಲ ಇರುತ್ತೆ. ಕಷ್ಟವಾಗುವುದು ಅದು ಮುಗಿದ ಮೇಲೆ, ಜನವರಿಯಿಂದ ಮಾರ್ಚ್ ತನಕ. ಚಳಿಗೆ ಬಟ್ಟೆ ಇದೆ. ಬಿಸಿಲೂ ಚೆನ್ನಾಗಿಯೇ ಇರುತ್ತೆ. ತಲೆ ತಿನ್ನುವುದು ಗಾಳಿ. ವಾರಗಟ್ಟಲೆ ಬಿಡದೆ ಬೀಸುತ್ತೆ. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಆ ಸದ್ದು ಬಿಟ್ಟರೆ ಇನ್ನೇನೂ ಇರುವುದಿಲ್ಲ. ಕನ್ನಡ ಮಾತಾಡಲು ಮೈಲುಗಟ್ಟಲೆ ಯಾರೂ ಇಲ್ಲ. ಇದನ್ನು ಸಣ್ಣ ವಿಷಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಾರಕ್ಕೆ ಎರಡು ದಿನವಾದರೂ ಮನೆಯಿಂದ ಹೊರಗೆ ಒಂದು ಕೆಲಸ ಇಟ್ಟುಕೊಳ್ಳಿ, ಲೈಬ್ರರಿಯೋ ಶಾಲೆಯೋ. ನಾನು ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣ ಹಿಡಿದು ಮನೆಮನೆಗೆ ಹೋಗಿದ್ದೇ ನನಗೆ ಗೆಳತಿಯರು ಸಿಗಲು ಕಾರಣ. ಒಬ್ಬಾಕೆ ಅದನ್ನು ಓಟ್ಸ್ ಗಂಜಿಗೆ ಹಾಕಿಕೊಂಡು ತಿಂದಳಂತೆ, ಇನ್ನೂ ಇದೆಯಾ ಎಂದು ಕೇಳಿದಳು.

ಆಗುವುದಾದರೆ ಆಗಸ್ಟಿನಲ್ಲೇ ಬನ್ನಿ. ಮಕ್ಕಳಿಗೆ ಶಾಲೆ ಆಗಲೇ ಶುರು, ನಿಮಗೂ ಹಿಮ ಬೀಳುವ ಮೊದಲು ಗಾಡಿ ಓಡಿಸಿ ರೂಢಿಯಾಗುತ್ತೆ. ಚಳಿಗಾಲದ ಟೈರು ಹಾಕಿಸಿ. ಎಂಜಿನ್ ಹೀಟರ್ ಇರುವ ಗಾಡಿಯನ್ನೇ ಕೊಳ್ಳಿ, ರಾತ್ರಿ ಪ್ಲಗ್ ಹಾಕಿಟ್ಟರೆ ಬೆಳಿಗ್ಗೆ ತಕರಾರಿಲ್ಲದೆ ಸ್ಟಾರ್ಟ್ ಆಗುತ್ತೆ. ಬಾಡಿಗೆ ಮನೆ ನೋಡುವಾಗ ಮುಖ್ಯ ಬಾಗಿಲು ಪಶ್ಚಿಮಕ್ಕಿದ್ದರೆ ಬಿಟ್ಟುಬಿಡಿ. ಗಾಳಿ ಬರುವುದು ಆ ಕಡೆಯಿಂದ, ನೇರ ಬಾಗಿಲಿಗೇ ಬಡಿಯುತ್ತೆ. ವಾಸ್ತುವಿನ ಬಗ್ಗೆ ನಿಮ್ಮ ಮನೆಯ ಹಿರಿಯರು ಕೇಳಿದರೆ ಇದನ್ನೇ ಹೇಳಿ, ಒಪ್ಪಿಕೊಳ್ಳುತ್ತಾರೆ.